ಡೈರೆಕ್ಟರಿ ಸರ್ವರ್ ಫೇಲ್‌ಓವರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಚೇರಿಯ ಲಾಗಿನ್ ವ್ಯವಸ್ಥೆಯನ್ನು ನೋಡಿಕೊಳ್ಳುವವರಿಗಾಗಿ ಈ ಪುಟ. ಬಳಕೆದಾರರ ಹೆಸರು, ಪಾಸ್‌ವರ್ಡ್, ಗುಂಪುಗಳ ದಾಖಲೆ ಇಟ್ಟುಕೊಂಡಿರುವುದು ಡೈರೆಕ್ಟರಿ ಸರ್ವರ್; ಒಂದು ಸತ್ತಾಗ ಕೆಲಸ ಇನ್ನೊಂದಕ್ಕೆ ದಾಟುವುದು ಫೇಲ್‌ಓವರ್. ಓಪನ್‌ಎಲ್‌ಡ್ಯಾಪ್, 389 ಡೈರೆಕ್ಟರಿ ಸರ್ವರ್, ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿ ಈ ಮೂರರಲ್ಲಿ ಒಂದಾದರೂ ನಿಮ್ಮಲ್ಲಿದೆ, ಲಿನಕ್ಸ್ ಯಂತ್ರಗಳೂ ಜಾವಾ ಅಪ್ಲಿಕೇಶನ್‌ಗಳೂ ಅದನ್ನು ನೆಚ್ಚಿಕೊಂಡಿವೆ ಎಂದುಕೊಂಡು ಬರೆದಿದ್ದೇನೆ. ಸರ್ವರ್ ಸ್ಥಾಪಿಸುವ ಹಂತಗಳು ಇಲ್ಲಿಲ್ಲ. ಅವು ಆಯಾ ತಂತ್ರಾಂಶದ ಕೈಪಿಡಿಯಲ್ಲಿ ಚೆನ್ನಾಗಿಯೇ ಇವೆ. ಕೈಪಿಡಿ ಓದಿ ಮುಗಿಸಿದ ಮೇಲೂ ಉಳಿಯುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಎರಡು ಸರ್ವರ್‌ಗಳಿವೆ, ಅವುಗಳ ನಡುವೆ ರೆಪ್ಲಿಕೇಷನ್ ನಡೆಯುತ್ತಿದೆ. ಇನ್ನೇನು ಬೇಕು?

ಅರ್ಧ ಕೆಲಸ ಆಗಿದೆ, ಅದೂ ಸುಲಭದ ಅರ್ಧ. ಒಂದು ಸರ್ವರ್‌ನಲ್ಲಿರುವ ಮಾಹಿತಿ ಇನ್ನೊಂದರಲ್ಲೂ ಇರುವಂತೆ ನೋಡಿಕೊಳ್ಳುವುದಷ್ಟೇ ರೆಪ್ಲಿಕೇಷನ್‌ನ ಕೆಲಸ. ಮೊದಲ ಸರ್ವರ್ ಸತ್ತಾಗ ಎರಡನೆಯದರ ಬಳಿಗೆ ಹೋಗಬೇಕಾದವರು ಕ್ಲೈಂಟ್‌ಗಳು, ಅಂದರೆ ನಿಮ್ಮ ಮೇಲ್ ಸರ್ವರ್, ವಿಪಿಎನ್, ಸಂಬಳದ ತಂತ್ರಾಂಶ, ನೂರಾರು ಲಿನಕ್ಸ್ ಯಂತ್ರಗಳು. ಅವುಗಳಿಗೆ ಎರಡನೇ ಸರ್ವರ್‌ನ ವಿಳಾಸ ಗೊತ್ತಿರಬೇಕು. ಮೊದಲನೆಯದು ಸತ್ತಿದೆ ಎಂಬುದು ಬೇಗ ತಿಳಿಯಬೇಕು. ಎರಡನೆಯದು ತನ್ನ ಗುರುತಿಗೆಂದು ತೋರಿಸುವ ಪ್ರಮಾಣಪತ್ರವನ್ನು ಅವು ಒಪ್ಪಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಎರಡನೇ ಸರ್ವರ್ ಕರೆಂಟ್ ಬಿಲ್ ಏರಿಸುತ್ತಾ ಸುಮ್ಮನೆ ನಿಂತಿರುತ್ತದೆ, ಇಡೀ ಕಚೇರಿ ಲಾಗಿನ್ ಆಗದೆ ಕೂತಿರುತ್ತದೆ.

ಕ್ಲೈಂಟ್‌ಗಳು ಡೈರೆಕ್ಟರಿಯೊಡನೆ ಮಾತನಾಡುವ ಪ್ರೋಟೋಕಾಲ್ ಎಲ್‌ಡ್ಯಾಪ್. ಅದರ ಮೂರನೇ ಆವೃತ್ತಿ ಬಂದದ್ದು 1997ರಲ್ಲಿ, 2006ರಲ್ಲಿ ಪರಿಷ್ಕರಣೆಯಾಯಿತು. ಸರ್ವರ್ ಸತ್ತರೆ ಏನು ಮಾಡಬೇಕೆಂಬುದನ್ನು ಆ ಪ್ರೋಟೋಕಾಲ್ ಬಹುಮಟ್ಟಿಗೆ ಕ್ಲೈಂಟ್‌ನ ವಿವೇಚನೆಗೇ ಬಿಟ್ಟಿದೆ. ಒಂದೊಂದು ತಂತ್ರಾಂಶವೂ ಒಂದೊಂದು ಬಗೆಯಲ್ಲಿ ನಡೆದುಕೊಳ್ಳುವುದು ಅದಕ್ಕೇ. ಈ ಪುಟದ ಹೆಚ್ಚಿನ ಭಾಗ ಸರ್ವರ್‌ಗಿಂತ ಕ್ಲೈಂಟ್‌ಗಳ ಬಗ್ಗೆ ಇರುವುದಕ್ಕೂ ಅದೇ ಕಾರಣ.

ಡೈರೆಕ್ಟರಿ ಕೈಕೊಟ್ಟರೆ ಏನೇನು ನಿಲ್ಲುತ್ತದೆ?

ನೀವು ಪಟ್ಟಿ ಮಾಡಿದ್ದಕ್ಕಿಂತ ಹೆಚ್ಚು. ಲಾಗಿನ್ ಎಲ್ಲರಿಗೂ ಹೊಳೆಯುತ್ತದೆ. ವೈಫೈಗೆ ಒಪ್ಪಿಗೆ ಕೊಡುವ ರೇಡಿಯಸ್ ಸರ್ವರ್ ಡೈರೆಕ್ಟರಿಯನ್ನೇ ಕೇಳುತ್ತದೆ, ಮೇಲ್‌ನ ಗುಂಪು ವಿಳಾಸಗಳು ಅಲ್ಲಿಂದಲೇ ಬರುತ್ತವೆ, ಯಾರು ಅಡ್ಮಿನ್ ಆಜ್ಞೆ ಓಡಿಸಬಹುದೆಂಬ ಸುಡೂ ನಿಯಮಗಳೂ ಅಲ್ಲಿರಬಹುದು, ರಾತ್ರಿ ಓಡುವ ಬ್ಯಾಚ್ ಕೆಲಸಗಳ ಸೇವಾ ಖಾತೆಗಳೂ ಅಲ್ಲೇ ಇರಬಹುದು. ಎಲ್ಲಕ್ಕಿಂತ ಕಿರಿಕಿರಿಯ ಸಂಗತಿ ಬೇರೆ ಇದೆ: ಕೆಟ್ಟ ಡೈರೆಕ್ಟರಿಯನ್ನು ಸರಿಪಡಿಸಲು ಆ ಯಂತ್ರಕ್ಕೆ ನೀವೇ ಲಾಗಿನ್ ಆಗಬೇಕು, ಆ ಲಾಗಿನ್ ಕೂಡ ಡೈರೆಕ್ಟರಿಯನ್ನೇ ಕೇಳುತ್ತದೆ.

ಪಟ್ಟಿ ಮಾಡಲು ನೆನಪನ್ನು ನಂಬಬೇಡಿ. ಒಂದು ವಾರ ಸರ್ವರ್‌ನ ಲಾಗ್ ಇಟ್ಟು, ಯಾವ ಯಾವ ಐಪಿ ವಿಳಾಸಗಳಿಂದ ಸಂಪರ್ಕ ಬಂದಿದೆ ಎಂದು ತೆಗೆಯಿರಿ. ಯಾರದೆಂದು ಯಾರಿಗೂ ಗೊತ್ತಿಲ್ಲದ ನಾಲ್ಕಾರು ವಿಳಾಸಗಳು ಸಿಗದಿದ್ದರೆ ನಿಮ್ಮ ಸಂಸ್ಥೆ ಅಪರೂಪದ್ದು.

ಎಷ್ಟು ಸರ್ವರ್ ಬೇಕು?

ಕನಿಷ್ಠ ಎರಡು. ಒಂದನ್ನು ದುರಸ್ತಿಗೆ ಇಳಿಸಿದಾಗಲೂ ಫೇಲ್‌ಓವರ್ ಉಳಿಯಬೇಕೆಂದರೆ ಮೂರು. ಎರಡೂ ವರ್ಚುವಲ್ ಯಂತ್ರಗಳು ಒಂದೇ ಭೌತಿಕ ಯಂತ್ರದ ಮೇಲೆ, ಒಂದೇ ಸ್ಟೋರೇಜ್ ಮೇಲೆ ಕೂತಿದ್ದರೆ ಅದನ್ನು ಒಂದು ಎಂದೇ ಎಣಿಸಿ.

ಶಾಖೆಗಳ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ಡೇಟಾ ಸೆಂಟರ್, ಹುಬ್ಬಳ್ಳಿಯಲ್ಲಿ ಶಾಖೆ ಇದ್ದು ದಾರಿಯಲ್ಲಿ ರಸ್ತೆ ಅಗೆಯುವವರ ಕೈಗೆ ಫೈಬರ್ ಸಿಕ್ಕಿತೆನ್ನಿ. ಬೆಂಗಳೂರಿನಲ್ಲಿ ಹತ್ತು ಸರ್ವರ್ ಇದ್ದರೂ ಹುಬ್ಬಳ್ಳಿಯವರಿಗೆ ಪ್ರಯೋಜನವಿಲ್ಲ. ಅಂಥ ಕಡೆ ಓದಲು ಮಾತ್ರ ಬರುವ ಒಂದು ಪ್ರತಿ ಇಡುವುದು ರೂಢಿ. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಇದಕ್ಕೆಂದೇ ಆರ್‌ಒಡಿಸಿ ಎಂಬುದು ವಿಂಡೋಸ್ ಸರ್ವರ್ 2008ರಿಂದ ಇದೆ. ಬೀಗ ಭದ್ರವಿಲ್ಲದ ಕೋಣೆಯಲ್ಲಿ ಅದನ್ನಿಟ್ಟರೂ ಎಲ್ಲರ ಪಾಸ್‌ವರ್ಡ್‌ಗಳು ಕಳ್ಳನ ಪಾಲಾಗುವುದಿಲ್ಲ.

ಎರಡೂ ಸರ್ವರ್‌ಗಳಲ್ಲಿ ಬರೆಯಲು ಬಿಡಬೇಕೇ, ಒಂದರಲ್ಲಿ ಮಾತ್ರವೇ?

ಎರಡರಲ್ಲೂ ಬರೆಯುವ ಶಕ್ತಿ ಇರಲಿ, ಆದರೆ ಒಂದು ಹೊತ್ತಿಗೆ ಒಂದರಲ್ಲೇ ಬರೆಯಿರಿ. ನನ್ನ ಮಟ್ಟಿಗೆ ಇದರಲ್ಲಿ ಎರಡನೇ ಮಾತಿಲ್ಲ.

ಕಾರಣ ಇದು. ಎರಡು ಕಡೆ ಒಂದೇ ದಾಖಲೆ ಬದಲಾದಾಗ ಯಾವುದು ಉಳಿಯಬೇಕೆಂದು ಡೈರೆಕ್ಟರಿ ತಂತ್ರಾಂಶಗಳು ಸಮಯ ಅಥವಾ ಆವೃತ್ತಿ ಸಂಖ್ಯೆ ನೋಡಿ ತೀರ್ಮಾನಿಸುತ್ತವೆ, ಯಾರನ್ನೂ ಕೇಳುವುದಿಲ್ಲ. 389 ಡೈರೆಕ್ಟರಿ ಸರ್ವರ್ ಮತ್ತು ಆ್ಯಕ್ಟಿವ್ ಡೈರೆಕ್ಟರಿ ಈ ಹೋಲಿಕೆಯನ್ನು ಒಂದೊಂದು ಗುಣಲಕ್ಷಣದ ಮಟ್ಟದಲ್ಲಿ ಮಾಡುತ್ತವೆ. ಓಪನ್‌ಎಲ್‌ಡ್ಯಾಪ್‌ನ ಸಾಮಾನ್ಯ ಸಿಂಕ್‌ರೆಪ್ಲ್ (ಅದರ ರೆಪ್ಲಿಕೇಷನ್ ವ್ಯವಸ್ಥೆ) ಮಾತ್ರ ಇಡೀ ದಾಖಲೆಯನ್ನೇ ಕಳುಹಿಸುತ್ತದೆ. ಒಂದು ಸರ್ವರ್‌ನಲ್ಲಿ ಒಬ್ಬರು ಫೋನ್ ಸಂಖ್ಯೆ ಬದಲಿಸಿ, ಅದೇ ಕ್ಷಣ ಇನ್ನೊಂದರಲ್ಲಿ ಮತ್ತೊಬ್ಬರು ವಿಭಾಗದ ಹೆಸರು ಬದಲಿಸಿದರೆ, ಮೊದಲಿನವರ ಬದಲಾವಣೆ ಸದ್ದಿಲ್ಲದೆ ಮಾಯವಾಗಬಹುದು. ಎಲ್ಲೂ ದೋಷದ ಸಂದೇಶ ಬರುವುದಿಲ್ಲ. ಬದಲಾವಣೆಯನ್ನಷ್ಟೇ ಕಳುಹಿಸುವ ಡೆಲ್ಟಾ ಸಿಂಕ್‌ರೆಪ್ಲ್ ಇದಕ್ಕಿಂತ ವಾಸಿ.

ಒಂದೇ ಹೆಸರಿನ ಹೊಸ ದಾಖಲೆ ಎರಡೂ ಕಡೆ ಹುಟ್ಟಿದರೆ ಆ್ಯಕ್ಟಿವ್ ಡೈರೆಕ್ಟರಿ ಒಂದರ ಹೆಸರಿಗೆ ಸಿಎನ್‌ಎಫ್ ಎಂಬ ಬಾಲ ಅಂಟಿಸುತ್ತದೆ. 389ರಲ್ಲೂ ಸಂಘರ್ಷದ ಗುರುತು ಬೀಳುತ್ತದೆ. ತಿಂಗಳಿಗೊಮ್ಮೆಯಾದರೂ ಇಂಥವನ್ನು ಹುಡುಕಿ ತೆಗೆಯಿರಿ. ಸಿಕ್ಕವು ಹೆಚ್ಚಾಗಿದ್ದರೆ ಯಾರೋ ಎರಡು ಕಡೆ ಬರೆಯುತ್ತಿದ್ದಾರೆಂದೇ ಅರ್ಥ. ಲಿನಕ್ಸ್ ಬಳಕೆದಾರರನ್ನು ಗುರುತಿಸುವ ಯುಐಡಿ ಸಂಖ್ಯೆಗಳನ್ನು ಹಂಚುವ ಸ್ಕ್ರಿಪ್ಟ್ ಎರಡೂ ಸರ್ವರ್‌ಗಳಲ್ಲಿ ಓಡುತ್ತಿದ್ದರೆ ಇಬ್ಬರು ನೌಕರರಿಗೆ ಒಂದೇ ಸಂಖ್ಯೆ ಸಿಕ್ಕಿ, ಒಬ್ಬರ ಕಡತಗಳನ್ನು ಇನ್ನೊಬ್ಬರು ತೆರೆಯುವಂತಾಗುತ್ತದೆ. 389ರ ಡಿಎನ್‌ಎ ಪ್ಲಗಿನ್ ಒಂದೊಂದು ಸರ್ವರ್‌ಗೆ ಬೇರೆ ಬೇರೆ ಸಂಖ್ಯಾ ವ್ಯಾಪ್ತಿ ಕೊಟ್ಟು ಇದನ್ನು ತಪ್ಪಿಸುತ್ತದೆ.

ಓಪನ್‌ಎಲ್‌ಡ್ಯಾಪ್‌ನಲ್ಲಿ ಎರಡು ಪ್ರೊವೈಡರ್ (ಬರೆಯಬಲ್ಲ ಸರ್ವರ್) ಹೂಡುವಾಗ ಎಲ್ಲಿ ಎಡವುತ್ತಾರೆ?

2007ರ 2.4 ಆವೃತ್ತಿಯಿಂದ ಈ ಸೌಕರ್ಯ ಇದೆ. ಎರಡೂ ಸರ್ವರ್‌ಗಳಲ್ಲಿ ಬದಲಾವಣೆಗಳನ್ನು ಇನ್ನೊಂದಕ್ಕೆ ಒದಗಿಸುವ ಸಿಂಕ್‌ಪ್ರೊವ್ ಓವರ್‌ಲೇ ಹಾಕಿ, ಒಂದೊಂದಕ್ಕೂ ಬೇರೆ ಸರ್ವರ್ ಐಡಿ ಕೊಟ್ಟು, ಪರಸ್ಪರರನ್ನು ತೋರಿಸುವ ಸಿಂಕ್‌ರೆಪ್ಲ್ ಸಾಲು ಬರೆದರೆ ಮೂಲ ಹಂದರ ಮುಗಿಯಿತು. ಎಡವುವುದು ಸಣ್ಣ ಸಂಗತಿಗಳಲ್ಲಿ.

ಸರ್ವರ್ ಐಡಿ 1ರಿಂದ 4095ರೊಳಗೆ ಇರಬೇಕು, ಎರಡಕ್ಕೂ ಒಂದೇ ಇರಬಾರದು. ಮೊದಲ ಯಂತ್ರವನ್ನು ನಕಲು ಮಾಡಿ ಎರಡನೆಯದನ್ನು ಎಬ್ಬಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಎಂಟ್ರಿ ಯುಯುಐಡಿ (ದಾಖಲೆಯ ಗುರುತು) ಮತ್ತು ಎಂಟ್ರಿ ಸಿಎಸ್‌ಎನ್‌ಗೆ (ಅದರ ಕೊನೆಯ ಬದಲಾವಣೆಯ ಗುರುತು) ಇಂಡೆಕ್ಸ್ ಇರಬೇಕು, ಇಲ್ಲವಾದರೆ ಒಂದೊಂದು ಸಿಂಕ್‌ಗೂ ಇಡೀ ಡೇಟಾಬೇಸ್ ಜಾಲಾಡಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಸಿಂಕ್‌ರೆಪ್ಲ್‌ನ ರೀಟ್ರೈ. ಅದನ್ನು ಬರೆಯದೇ ಬಿಟ್ಟರೆ, ಸಂಪರ್ಕ ಕಡಿದ ಮೇಲೆ ಸರ್ವರ್ ಗಂಟೆಗೊಮ್ಮೆ ಮಾತ್ರ ಮರುಯತ್ನ ಮಾಡುತ್ತದೆ. ಸ್ವಿಚ್ ಮೂವತ್ತು ಸೆಕೆಂಡು ಕಣ್ಣು ಮಿಟುಕಿಸಿದರೆ ರೆಪ್ಲಿಕೇಷನ್ ಒಂದು ಗಂಟೆ ನಿಂತಂತೆಯೇ. ಬರೆದರೂ ಪೂರ್ತಿ ಬರೆಯಬೇಕು: «60 10 300 3» ಎಂದು ಬರೆದರೆ ನಿಮಿಷಕ್ಕೊಮ್ಮೆಯಂತೆ ಹತ್ತು ಸಲ, ಆಮೇಲೆ ಐದು ನಿಮಿಷಕ್ಕೊಮ್ಮೆಯಂತೆ ಮೂರು ಸಲ ಯತ್ನಿಸಿ ಕೈಚೆಲ್ಲಿ ಕೂರುತ್ತದೆ. ಕೊನೆಯ ಸಂಖ್ಯೆಯ ಜಾಗದಲ್ಲಿ ಕೂಡಿಸುವ ಚಿಹ್ನೆ ಇಟ್ಟು «5 12 60 +» ಎಂದು ಬರೆದರೆ ಮಾತ್ರ ಅದು ಪಟ್ಟು ಬಿಡದೆ ಯತ್ನಿಸುತ್ತಲೇ ಇರುತ್ತದೆ.

ರೆಪ್ಲಿಕೇಷನ್ ಸರಿಯಾಗಿದೆ ಎಂದು ಹೇಗೆ ತಿಳಿಯುವುದು?

ಸರ್ವರ್ ಓಡುತ್ತಿದೆ ಎಂಬುದು ಇದಕ್ಕೆ ಸಾಕ್ಷಿಯಾಗದು. ಓಪನ್‌ಎಲ್‌ಡ್ಯಾಪ್‌ನಲ್ಲಿ ಡೈರೆಕ್ಟರಿ ಎಂಬ ಮರದ ಬುಡದ ದಾಖಲೆಯಲ್ಲಿ ಕಾಂಟೆಕ್ಸ್ಟ್ ಸಿಎಸ್‌ಎನ್ ಎಂಬ ಗುಣಲಕ್ಷಣ ಇರುತ್ತದೆ. ಹುಡುಕುವಾಗ ಹೆಸರಿಟ್ಟು ಕೇಳಿದರೆ ಮಾತ್ರ ಅದು ತೋರುತ್ತದೆ. ಒಂದೊಂದು ಮೌಲ್ಯದಲ್ಲೂ # ಚಿಹ್ನೆಯಿಂದ ಬೇರ್ಪಟ್ಟ ನಾಲ್ಕು ಭಾಗಗಳು. ಮೊದಲನೆಯದು ಸಮಯ, ಮೂರನೆಯದು ಸರ್ವರ್ ಐಡಿ. ಎರಡೂ ಸರ್ವರ್‌ಗಳನ್ನು ಕೇಳಿ, ಒಂದೇ ಐಡಿ ಇರುವ ಮೌಲ್ಯಗಳ ಸಮಯಗಳನ್ನು ಹೋಲಿಸಿ. ಒಂದೇ ಆಗಿದ್ದರೆ ಸರಿ. ಕೆಲವು ಸೆಕೆಂಡುಗಳ ಅಂತರವಿದ್ದರೂ ಗಾಬರಿಯಿಲ್ಲ. ಅಂತರ ಬೆಳೆಯುತ್ತಲೇ ಹೋದರೆ ಎದ್ದು ನೋಡಬೇಕು.

ಸಮಯ ಯುಟಿಸಿಯಲ್ಲಿರುತ್ತದೆ. 20250311041512 ಎಂದು ಕಂಡರೆ ಅದು ನಮ್ಮ ಗಡಿಯಾರದಲ್ಲಿ ಮಾರ್ಚ್ 11ರ ಬೆಳಿಗ್ಗೆ 9.45. ಐದೂವರೆ ಗಂಟೆ ರೆಪ್ಲಿಕೇಷನ್ ಹಿಂದೆ ಬಿದ್ದಿದೆ ಎಂದು ಬೆಚ್ಚಿ ರಾತ್ರಿಪಾಳಿಯವರು ಫೋನ್ ಮಾಡುವುದು ಹೊಸದೇನಲ್ಲ.

ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ರೆಪ್‌ಅಡ್ಮಿನ್ ಆಜ್ಞೆಯ ರೆಪ್ಲ್‌ಸಮ್ಮರಿ ಆಯ್ಕೆ, 389ರಲ್ಲಿ ಡಿಎಸ್‌ಕಾನ್ಫ್‌ನ ರೆಪ್ಲಿಕೇಷನ್ ಮಾನಿಟರ್ ಇದೇ ಕೆಲಸ ಮಾಡುತ್ತವೆ. ಇವೆಲ್ಲ ಸರ್ವರ್‌ಗಳು ತಮ್ಮ ಬಗ್ಗೆ ತಾವೇ ಕೊಡುವ ಹೇಳಿಕೆಗಳು. ಆಗಾಗ ದಾಖಲೆಗಳನ್ನೇ ಎಣಿಸಿ ಹೋಲಿಸುವುದು ಒಳ್ಳೆಯದು.

ಗಡಿಯಾರದ ಬಗ್ಗೆ ಇಷ್ಟೊಂದು ಹೇಳುತ್ತಾರಲ್ಲ, ಯಾಕೆ?

ಸಂಘರ್ಷದಲ್ಲಿ ಯಾರು ಗೆಲ್ಲಬೇಕೆಂಬುದನ್ನು ಓಪನ್‌ಎಲ್‌ಡ್ಯಾಪ್ ಮತ್ತು 389ರಲ್ಲಿ ಸಮಯವೇ ನಿರ್ಧರಿಸುತ್ತದೆ. ಹತ್ತು ನಿಮಿಷ ಮುಂದೆ ಓಡುವ ಸರ್ವರ್ ಎಲ್ಲ ವಾದಗಳಲ್ಲೂ ಗೆಲ್ಲುತ್ತದೆ. ಟಿಕೆಟ್ ಕೊಟ್ಟು ಲಾಗಿನ್ ಮಾಡಿಸುವ ಕೆರ್ಬರೋಸ್ ಇದ್ದರೆ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದ ಕೂಡಲೇ ಲಾಗಿನ್ ತಿರಸ್ಕಾರವಾಗುತ್ತದೆ. ಗಡಿಯಾರ ಹೊಂದಿಸುವ ಎನ್‌ಟಿಪಿ ಹಾಕುವುದು ಭಾರತದಲ್ಲಿ ಬರಿಯ ಸಲಹೆಯೂ ಅಲ್ಲ: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರ್‌ಗಳಿಗೆ ತಮ್ಮ ಗಡಿಯಾರ ಹೊಂದಿಸಿಕೊಳ್ಳಬೇಕು.

ಸರ್ವರ್‌ನ ಕರೆಂಟ್ ಹೋದಾಗ ಎರಡನೆಯದಕ್ಕೆ ಹೋಗಲು ಎರಡು ನಿಮಿಷ ಹಿಡಿಯಿತು. ಪರೀಕ್ಷೆ ಮಾಡಿದಾಗ ತಕ್ಷಣ ಹೋಗಿತ್ತಲ್ಲ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಪರೀಕ್ಷೆಯಲ್ಲಿ ನೀವು ಬಹುಶಃ ಸೇವೆಯನ್ನಷ್ಟೇ ನಿಲ್ಲಿಸಿದ್ದೀರಿ. ಯಂತ್ರ ಬದುಕಿತ್ತು. ಕ್ಲೈಂಟ್ ಎಲ್‌ಡ್ಯಾಪ್‌ನ 389ನೇ ಪೋರ್ಟನ್ನು ತಟ್ಟಿದಾಗ ಕರ್ನೆಲ್ ಕೂಡಲೇ ‘ಇಲ್ಲಿ ಯಾರೂ ಕೇಳುತ್ತಿಲ್ಲ’ ಎಂದು ಉತ್ತರ ಕೊಟ್ಟಿತು. ಮನೆಯಲ್ಲಿ ಯಾರೂ ಇಲ್ಲ ಎಂದು ಒಳಗಿನಿಂದಲೇ ಯಾರೋ ಕೂಗಿ ಹೇಳಿದ ಹಾಗೆ. ಕ್ಲೈಂಟ್ ಮಿಲಿಸೆಕೆಂಡುಗಳಲ್ಲಿ ಮುಂದಿನ ವಿಳಾಸಕ್ಕೆ ಹೋಯಿತು.

ಕರೆಂಟ್ ಹೋದಾಗ ಉತ್ತರಿಸಲು ಯಾರೂ ಇರುವುದಿಲ್ಲ. ಲಿನಕ್ಸ್ ಕ್ಲೈಂಟ್ ಸಂಪರ್ಕದ ಮೊದಲ ಪ್ಯಾಕೆಟ್ ಕಳುಹಿಸಿ 1 ಸೆಕೆಂಡು ಕಾಯುತ್ತದೆ. ಮತ್ತೆ ಕಳುಹಿಸಿ 2 ಸೆಕೆಂಡು. ಆಮೇಲೆ 4, 8, 16, 32, ಕೊನೆಗೆ 64. ಒಟ್ಟು 127 ಸೆಕೆಂಡು. ಅಪ್ಲಿಕೇಶನ್ ತನ್ನದೇ ಗಡುವು ಹಾಕಿಕೊಂಡಿಲ್ಲವಾದರೆ ಪಟ್ಟಿಯ ಎರಡನೇ ಹೆಸರಿನತ್ತ ಅದು ಕಣ್ಣು ಹಾಯಿಸುವುದೇ ಆ 127 ಸೆಕೆಂಡು ಕಳೆದ ಮೇಲೆ. ಅಷ್ಟರಲ್ಲಿ ಮುಂದಿರುವ ವೆಬ್ ಸರ್ವರ್ ಬೇಸತ್ತು ಸಂಪರ್ಕ ಕಡಿದಿರುತ್ತದೆ, ಬಳಕೆದಾರ ಮೂರು ಸಲ ಮತ್ತೆ ಒತ್ತಿರುತ್ತಾನೆ, ಆ ಮೂರೂ ಯತ್ನಗಳು ಒಂದೊಂದು ಥ್ರೆಡ್ ಹಿಡಿದು ಕೂತಿರುತ್ತವೆ. ಇಡೀ ಅಪ್ಲಿಕೇಶನ್ ಬೀಳುವುದು ಹೀಗೆ. ಡೈರೆಕ್ಟರಿ ಬಿದ್ದದ್ದು ನೆಪ ಮಾತ್ರ.

ಮೊದಲೇ ತೆರೆದಿಟ್ಟಿದ್ದ ಸಂಪರ್ಕಗಳ ಪಾಡು ಇನ್ನೂ ಕಷ್ಟ. ಕಳುಹಿಸಿದ ಕೋರಿಕೆಗೆ ಸ್ವೀಕೃತಿ ಬಾರದಿದ್ದರೆ ಲಿನಕ್ಸ್ 15 ಸಲ ಮರಳಿ ಕಳುಹಿಸುತ್ತದೆ. ಅದು ಮುಗಿಯಲು ಸುಮಾರು ಕಾಲು ಗಂಟೆ. ಏನೂ ಕಳುಹಿಸದೆ ಸುಮ್ಮನಿರುವ ಸಂಪರ್ಕ ಸತ್ತಿದೆ ಎಂದು ತಿಳಿಯಲು ಕೀಪ್‌ಅಲೈವ್ (‘ಬದುಕಿದ್ದೀಯಾ’ ಎಂದು ಕೇಳುವ ಪ್ಯಾಕೆಟ್) ಬೇಕು. ಅಪ್ಲಿಕೇಶನ್ ಅದನ್ನು ಕೇಳಿ ಹಾಕಿಸಿಕೊಂಡಿರಬೇಕು. ಹಾಕಿಸಿಕೊಂಡರೂ ಪೂರ್ವನಿಗದಿತ ಅವಧಿ ಎರಡು ಗಂಟೆ.

ಇನ್ನೊಂದು ಬಗೆಯ ಸಾವಿದೆ. ಡಿಸ್ಕ್ ಸಿಕ್ಕಿಹಾಕಿಕೊಂಡು, ಸರ್ವರ್ ಸಂಪರ್ಕವನ್ನು ಒಪ್ಪುತ್ತದೆ, ಉತ್ತರ ಕೊಡುವುದಿಲ್ಲ. ಸಂಪರ್ಕದ ಗಡುವು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಉತ್ತರದ ಗಡುವೂ ಬೇಕು. ಪೂರ್ತಿ ಸತ್ತ ಸರ್ವರ್‌ಗಿಂತ ಅರೆಜೀವದ ಸರ್ವರ್ ಹೆಚ್ಚು ಹಾನಿ ಮಾಡುತ್ತದೆ.

ಒಂದೇ ಡೇಟಾ ಸೆಂಟರ್ ಒಳಗೆ ಸಂಪರ್ಕಕ್ಕೆ 2ರಿಂದ 3 ಸೆಕೆಂಡು, ಹುಡುಕಾಟದ ಉತ್ತರಕ್ಕೆ 5ರಿಂದ 10 ಸೆಕೆಂಡು ಗಡುವು ಸಾಕು. ಸಂಪರ್ಕದ ಗಡುವನ್ನು 1 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ. ಕಳೆದುಹೋದ ಮೊದಲ ಪ್ಯಾಕೆಟನ್ನು ಮರಳಿ ಕಳುಹಿಸುವುದೇ 1 ಸೆಕೆಂಡಿನ ನಂತರ. ಅದಕ್ಕೂ ಅವಕಾಶ ಕೊಡದಿದ್ದರೆ ನೆಟ್‌ವರ್ಕ್ ಸ್ವಲ್ಪ ಕೆಮ್ಮಿದರೂ ಫೇಲ್‌ಓವರ್ ಶುರುವಾಗುತ್ತದೆ.

ಲಿನಕ್ಸ್ ಯಂತ್ರಗಳಲ್ಲಿ ಡೈರೆಕ್ಟರಿಯನ್ನು ಕೇಳಿ ಲಾಗಿನ್ ಮಾಡಿಸುವ ಎಸ್‌ಎಸ್‌ಎಸ್‌ಡಿ ಸೇವೆ ಇದೆ. ಅದಕ್ಕೆ ಹೇಗೆ ಹೇಳುವುದು?

ಎಲ್‌ಡ್ಯಾಪ್ ಯುಆರ್‌ಐ ಸಾಲಿನಲ್ಲಿ ಸರ್ವರ್‌ಗಳ ವಿಳಾಸಗಳನ್ನು ಅಲ್ಪವಿರಾಮ ಹಾಕಿ ಬರೆಯಿರಿ. ದೂರದ ಡೇಟಾ ಸೆಂಟರ್‌ನದನ್ನು ಬ್ಯಾಕಪ್ ಯುಆರ್‌ಐ ಸಾಲಿನಲ್ಲಿ ಪ್ರತ್ಯೇಕವಾಗಿ ಬರೆಯಿರಿ. ಎರಡಕ್ಕೂ ವ್ಯತ್ಯಾಸವಿದೆ: ಮೊದಲ ಸಾಲಿನ ಎರಡನೇ ಸರ್ವರ್‌ಗೆ ಹೋದ ಎಸ್‌ಎಸ್‌ಎಸ್‌ಡಿ ಅಲ್ಲೇ ನೆಲೆ ನಿಲ್ಲುತ್ತದೆ, ಮೊದಲಿನದಕ್ಕೆ ಮರಳುವ ಆತುರ ತೋರುವುದಿಲ್ಲ. ಬ್ಯಾಕಪ್‌ಗೆ ಹೋದರೆ ಮಾತ್ರ 31 ಸೆಕೆಂಡಿಗೊಮ್ಮೆ ಮುಖ್ಯ ಸರ್ವರ್ ಬಂತೇ ಎಂದು ನೋಡುತ್ತಿರುತ್ತದೆ.

ಎಲ್ಲ ಸರ್ವರ್‌ಗಳೂ ಹೋದ ದಿನಕ್ಕಾಗಿ ಕ್ಯಾಶ್ ಕ್ರೆಡೆನ್ಷಿಯಲ್ಸ್ ಆಯ್ಕೆಯನ್ನು ಚಾಲೂ ಮಾಡಿ. ಪೂರ್ವನಿಗದಿಯಲ್ಲಿ ಅದು ಆಫ್ ಆಗಿರುತ್ತದೆ. ಚಾಲೂ ಇದ್ದರೆ ಹಿಂದೆ ಆ ಯಂತ್ರಕ್ಕೆ ಲಾಗಿನ್ ಆದವರು ಡೈರೆಕ್ಟರಿ ಇಲ್ಲದಿದ್ದರೂ ಒಳಗೆ ಬರುತ್ತಾರೆ. ಕೆಲಸ ಬಿಟ್ಟು ಹೋದವರೂ ಬರುತ್ತಾರೆ, ಆದ್ದರಿಂದ ಅದರ ಅವಧಿಗೆ ಒಂದು ಮಿತಿ ಹಾಕಿ. ಹಾಕದಿದ್ದರೆ ಮಿತಿಯೇ ಇಲ್ಲ.

ಜಾವಾ ಅಪ್ಲಿಕೇಶನ್‌ಗಳಿಗೆ?

ಜಾವಾದ ಡೈರೆಕ್ಟರಿ ಲೈಬ್ರರಿ ಜೆಎನ್‌ಡಿಐ ಬಳಸುವವುಗಳಲ್ಲಿ ಪ್ರೊವೈಡರ್ ಯುಆರ್‌ಎಲ್‌ನಲ್ಲಿ ಹಲವು ವಿಳಾಸಗಳನ್ನು ಖಾಲಿ ಜಾಗ ಬಿಟ್ಟು ಬರೆಯಬಹುದು, ಅದು ಸರದಿಯಂತೆ ಯತ್ನಿಸುತ್ತದೆ. ಅಪಾಯ ಇರುವುದು ಗಡುವುಗಳಲ್ಲಿ. ಕನೆಕ್ಟ್ ಟೈಮ್‌ಔಟ್ ಕೊಡದಿದ್ದರೆ ಆಪರೇಟಿಂಗ್ ಸಿಸ್ಟಂನ ಗಡುವೇ ಗತಿ, ಅಂದರೆ ಮೇಲೆ ಹೇಳಿದ 127 ಸೆಕೆಂಡು. ರೀಡ್ ಟೈಮ್‌ಔಟ್ ಕೊಡದಿದ್ದರೆ ಉತ್ತರ ಬರುವವರೆಗೆ ಕಾಯುತ್ತದೆ, ಅನಂತಕಾಲ. ಎರಡನ್ನೂ ಮಿಲಿಸೆಕೆಂಡಿನಲ್ಲಿ ಕೊಡಬೇಕು. ‘5’ ಎಂದು ಬರೆದು ಐದು ಸೆಕೆಂಡು ಅಂದುಕೊಂಡವರ ಅಪ್ಲಿಕೇಶನ್ ಆರೋಗ್ಯವಂತ ಸರ್ವರನ್ನೂ ಸತ್ತಿದೆ ಎನ್ನುತ್ತದೆ.

ಖರೀದಿಸಿದ ತಂತ್ರಾಂಶಗಳ ಸೆಟಪ್ ಪುಟದಲ್ಲಿ ‘ಎಲ್‌ಡ್ಯಾಪ್ ಹೋಸ್ಟ್’ ಎಂಬ ಒಂದೇ ಚೌಕ ಇರುವುದು ಉಂಟು. ಎರಡನೇ ವಿಳಾಸಕ್ಕೆ ಜಾಗವೇ ಇರುವುದಿಲ್ಲ. ಅವುಗಳಿಗೆ ಲೋಡ್ ಬ್ಯಾಲೆನ್ಸರ್ (ಮುಂದೆ ನಿಂತು ಕೋರಿಕೆಗಳನ್ನು ಬದುಕಿರುವ ಸರ್ವರ್‌ಗೆ ದಾಟಿಸುವ ವ್ಯವಸ್ಥೆ) ಬಿಟ್ಟರೆ ದಾರಿಯಿಲ್ಲ.

ಹಾಗಾದರೆ ಎಲ್ಲದಕ್ಕೂ ಲೋಡ್ ಬ್ಯಾಲೆನ್ಸರ್ ಹಾಕಬಹುದಲ್ಲ?

ಓಪನ್‌ಎಲ್‌ಡ್ಯಾಪ್ ಮತ್ತು 389ಕ್ಕೆ ಹಾಕಬಹುದು. ಹೆಚ್‌ಎಪ್ರಾಕ್ಸಿ ಎಂಬ ಬ್ಯಾಲೆನ್ಸರನ್ನು ಟಿಸಿಪಿ ವಿಧಾನದಲ್ಲಿ ಓಡಿಸಿ, ಅದನ್ನೂ ಜೋಡಿಯಾಗಿಟ್ಟು ಕೀಪ್‌ಅಲೈವ್‌ಡಿ ಮೂಲಕ ಒಂದು ತೇಲುವ ಐಪಿ (ಒಂದು ಸತ್ತರೆ ಇನ್ನೊಂದಕ್ಕೆ ದಾಟುವ ವಿಳಾಸ) ಕೊಡುವುದು ಚಾಲ್ತಿಯಲ್ಲಿರುವ ವಿನ್ಯಾಸ. ಒಂದೇ ಬ್ಯಾಲೆನ್ಸರ್ ಇಟ್ಟರೆ ನೀವು ಅಪಾಯವನ್ನು ಒಂದು ಪೆಟ್ಟಿಗೆಯಿಂದ ತೆಗೆದು ಇನ್ನೊಂದು ಪೆಟ್ಟಿಗೆಗೆ ಹಾಕಿದ್ದೀರಿ, ಅಷ್ಟೇ.

ಬ್ಯಾಲೆನ್ಸರ್‌ನ ಬೆಲೆಯೆಲ್ಲ ಅದರ ಆರೋಗ್ಯ ತಪಾಸಣೆಯಲ್ಲಿದೆ. ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡಿದರೆ ಅರೆಜೀವದ ಸರ್ವರ್ ಪಾಸಾಗಿಬಿಡುತ್ತದೆ. ಹೆಚ್‌ಎಪ್ರಾಕ್ಸಿಯ ಎಲ್‌ಡ್ಯಾಪ್ ಚೆಕ್ ಅನಾಮಧೇಯ ಬೈಂಡ್ (ಹೆಸರು ಹೇಳದ ಲಾಗಿನ್) ಕಳುಹಿಸಿ ಯಶಸ್ಸಿನ ಉತ್ತರ ಬಂದರೆ ಮಾತ್ರ ಸರಿ ಎನ್ನುತ್ತದೆ. ಭದ್ರತೆಗಾಗಿ ನೀವು ಅನಾಮಧೇಯ ಬೈಂಡ್ ನಿಲ್ಲಿಸಿದ್ದರೆ ಎಲ್ಲ ಸರ್ವರ್‌ಗಳೂ ಒಟ್ಟಿಗೆ ‘ಸತ್ತು’ ಹೋಗುತ್ತವೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ಅದಕ್ಕೆಂದೇ ಇರುವ ಖಾತೆಯಿಂದ ಬೈಂಡ್ ಆಗಿ, ಗೊತ್ತಿರುವ ಒಂದು ದಾಖಲೆ ಸಿಗುತ್ತದೆಯೇ ಎಂದು ನೋಡುವುದು ಉತ್ತಮ. ಆ ಖಾತೆಯ ಪಾಸ್‌ವರ್ಡ್‌ಗೆ ಅವಧಿ ಮುಗಿಯುವ ನಿಯಮ ಹಾಕಬೇಡಿ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಬರೆಯುವ ಕೋರಿಕೆಗಳಿಗೆ ಒಂದು ಪೋರ್ಟ್, ಓದುವುದಕ್ಕೆ ಇನ್ನೊಂದು ಎಂದು ಬೇರ್ಪಡಿಸಿ. ಬರೆಯುವ ಕಡೆ ಒಂದೇ ಸರ್ವರ್ ಸಕ್ರಿಯವಾಗಿದ್ದು ಇನ್ನೊಂದು ಕಾದಿರಲಿ.

ಆ್ಯಕ್ಟಿವ್ ಡೈರೆಕ್ಟರಿಯ ಮುಂದೆ ಲೋಡ್ ಬ್ಯಾಲೆನ್ಸರ್ ಇಡಬಹುದೇ?

ವಿಂಡೋಸ್ ಯಂತ್ರಗಳಿಗೆ ಅದರ ಅಗತ್ಯವೇ ಇಲ್ಲ. ಯಾವ ಸೇವೆ ಎಲ್ಲಿದೆ ಎಂದು ಹೇಳುವ ಡಿಎನ್‌ಎಸ್‌ನ ಎಸ್‌ಆರ್‌ವಿ ದಾಖಲೆಗಳನ್ನು ನೋಡಿ ಅವು ಹತ್ತಿರದ ಡೊಮೈನ್ ಕಂಟ್ರೋಲರನ್ನು (ಆ್ಯಕ್ಟಿವ್ ಡೈರೆಕ್ಟರಿ ಓಡಿಸುವ ಸರ್ವರನ್ನು) ತಾವೇ ಹುಡುಕಿಕೊಳ್ಳುತ್ತವೆ. ನಡುವೆ ಬೇರೆ ಹೆಸರು ತೂರಿಸಿದರೆ ಕೆರ್ಬರೋಸ್ ಟಿಕೆಟ್ ಹೆಸರಿಗೆ ತಾಳೆಯಾಗದೆ ಗೊಂದಲವಾಗುತ್ತದೆ. ಬರಿಯ ಹೆಸರು, ಪಾಸ್‌ವರ್ಡ್ ಕೊಟ್ಟು ಬೈಂಡ್ ಆಗುವ, ಒಂದೇ ಚೌಕದ ಹಳೆಯ ಅಪ್ಲಿಕೇಶನ್‌ಗಳಿಗಾಗಿ ಮಾತ್ರ ಬ್ಯಾಲೆನ್ಸರ್ ಇಡಿ.

ಇಲ್ಲಿ ಎಲ್ಲ ಕಂಟ್ರೋಲರ್‌ಗಳೂ ಬರೆಯಬಲ್ಲವು (ಆರ್‌ಒಡಿಸಿ ಬಿಟ್ಟು), ಆದರೂ ಐದು ಜವಾಬ್ದಾರಿಗಳು ಒಬ್ಬೊಬ್ಬರ ಬಳಿ ಮಾತ್ರ ಇರುತ್ತವೆ: ಸ್ಕೀಮಾ ಮಾಸ್ಟರ್, ಡೊಮೈನ್ ನೇಮಿಂಗ್ ಮಾಸ್ಟರ್, ರಿಡ್ ಮಾಸ್ಟರ್, ಪಿಡಿಸಿ ಎಮ್ಯುಲೇಟರ್, ಇನ್‌ಫ್ರಾಸ್ಟ್ರಕ್ಚರ್ ಮಾಸ್ಟರ್. ಇವು ತಾವಾಗಿ ಬೇರೆ ಕಂಟ್ರೋಲರ್‌ಗೆ ದಾಟುವುದಿಲ್ಲ. ಪಿಡಿಸಿ ಎಮ್ಯುಲೇಟರ್ ಹೋದರೆ ಪಾಸ್‌ವರ್ಡ್ ಮತ್ತು ಗಡಿಯಾರದ ತೊಂದರೆಗಳು ಬೇಗ ಕಾಣುತ್ತವೆ. ರಿಡ್ ಮಾಸ್ಟರ್ ಹೋದರೆ ಕೆಲವು ದಿನ ಗೊತ್ತೇ ಆಗದಿರಬಹುದು, ಯಾಕೆಂದರೆ ಪ್ರತಿ ಕಂಟ್ರೋಲರ್ ಬಳಿಯೂ ಹೊಸ ಖಾತೆಗಳಿಗೆ ಕೊಡಲೆಂದು ಮುಂಗಡವಾಗಿ ಪಡೆದ 500 ಸಂಖ್ಯೆಗಳ ಗಂಟು ಇರುತ್ತದೆ. ಸತ್ತ ಯಂತ್ರದಿಂದ ಈ ಜವಾಬ್ದಾರಿಯನ್ನು ಬಲವಂತವಾಗಿ ಕಿತ್ತುಕೊಂಡರೆ ಆ ಹಳೆಯ ಯಂತ್ರವನ್ನು ಮತ್ತೆಂದೂ ನೆಟ್‌ವರ್ಕ್‌ಗೆ ಸೇರಿಸಬೇಡಿ.

ಪ್ರಮಾಣಪತ್ರದಲ್ಲಿ ಏನು ನೋಡಬೇಕು?

ಕ್ಲೈಂಟ್ ಯಾವ ಹೆಸರಿನಿಂದ ಕರೆಯುತ್ತದೋ ಆ ಹೆಸರು ಪ್ರಮಾಣಪತ್ರದ ಪರ್ಯಾಯ ಹೆಸರುಗಳ ಪಟ್ಟಿಯಲ್ಲಿರಬೇಕು. ಬ್ಯಾಲೆನ್ಸರ್ ಹೆಸರು, ಆ ಸರ್ವರ್‌ನ ಸ್ವಂತ ಹೆಸರು ಎರಡನ್ನೂ ಹಾಕಿಸಿ. 2018ರ ಜುಲೈನಲ್ಲಿ ಬಂದ ಜಾವಾ 8ರ 181ನೇ ಅಪ್‌ಡೇಟ್‌ನಿಂದ ಎಲ್‌ಡ್ಯಾಪ್‌ಎಸ್ (ಗೂಢಲಿಪಿಯಲ್ಲಿ ಸಾಗುವ ಎಲ್‌ಡ್ಯಾಪ್) ಸಂಪರ್ಕದಲ್ಲಿ ಹೆಸರಿನ ತಾಳೆ ಕಡ್ಡಾಯವಾಗಿ ನಡೆಯುತ್ತದೆ.

ಇನ್ನೊಂದು ಮಾತು. ಎರಡೂ ಸರ್ವರ್‌ಗಳಿಗೆ ಒಂದೇ ದಿನ ಪ್ರಮಾಣಪತ್ರ ಮಾಡಿಸಿದರೆ ಎರಡೂ ಒಂದೇ ದಿನ ಅವಧಿ ಮೀರುತ್ತವೆ. ಯಾವ ಫೇಲ್‌ಓವರೂ ಆ ಬೆಳಗ್ಗೆ ನಿಮ್ಮನ್ನು ಕಾಪಾಡುವುದಿಲ್ಲ. ತಿಂಗಳಾದರೂ ಅಂತರವಿರಲಿ.

ಪಾಸ್‌ವರ್ಡ್ ಬದಲಿಸಿದ ಕೂಡಲೇ ಲಾಗಿನ್ ಆದರೆ ತಪ್ಪು ಎನ್ನುತ್ತದೆ, ಅರೆಘಳಿಗೆ ಬಿಟ್ಟರೆ ಸರಿಹೋಗುತ್ತದೆ.

ಬದಲಾವಣೆ ಒಂದು ಸರ್ವರ್‌ನಲ್ಲಿ ಆಗಿ, ಲಾಗಿನ್ ಇನ್ನೊಂದನ್ನು ಕೇಳಿದೆ. ಪಾಸ್‌ವರ್ಡ್ ಬದಲಿಸುವ ಪುಟ ಮತ್ತು ಅದರ ಮುಂದಿನ ಲಾಗಿನ್ ಎರಡೂ ಬರೆಯುವ ಸರ್ವರನ್ನೇ ಕೇಳುವಂತೆ ಮಾಡಿದರೆ ದೂರು ನಿಲ್ಲುತ್ತದೆ. ಆ್ಯಕ್ಟಿವ್ ಡೈರೆಕ್ಟರಿ ಹೊಸ ಪಾಸ್‌ವರ್ಡನ್ನು ಪಿಡಿಸಿ ಎಮ್ಯುಲೇಟರ್‌ಗೆ ತಕ್ಷಣ ತಿಳಿಸಿ ಇದನ್ನು ಬಹುಮಟ್ಟಿಗೆ ನಿಭಾಯಿಸುತ್ತದೆ. ಉಳಿದ ಬದಲಾವಣೆಗಳು ಒಂದು ಸೈಟ್‌ನಿಂದ ಇನ್ನೊಂದಕ್ಕೆ ಹೋಗಲು ಪೂರ್ವನಿಗದಿತ ಅಂತರ 180 ನಿಮಿಷ ಎಂಬುದು ನೆನಪಿರಲಿ. ಅದನ್ನು 15 ನಿಮಿಷದವರೆಗೆ ಇಳಿಸಬಹುದು.

ಓಪನ್‌ಎಲ್‌ಡ್ಯಾಪ್‌ನಲ್ಲಿ ತಪ್ಪು ಪಾಸ್‌ವರ್ಡ್‌ನ ಎಣಿಕೆ ಓದುವ ಪ್ರತಿಗಳಲ್ಲಿ ಆಯಾ ಸರ್ವರ್‌ಗೆ ಸೀಮಿತ. ಐದು ತಪ್ಪಿಗೆ ಬೀಗ ಎಂದು ನೀವು ಹಾಕಿದ್ದರೆ, ಮೂರು ಪ್ರತಿಗಳಿರುವಲ್ಲಿ ದಾಳಿಕೋರನಿಗೆ ಹದಿನೈದು ಅವಕಾಶ. ಪಾಸ್‌ವರ್ಡ್ ನಿಯಮ ನೋಡಿಕೊಳ್ಳುವ ಪಿಪಾಲಿಸಿಯ ಫಾರ್ವರ್ಡ್ ಅಪ್‌ಡೇಟ್ಸ್ ಆಯ್ಕೆ ಇದಕ್ಕೆ ಮದ್ದು.

ರೆಪ್ಲಿಕೇಷನ್ ಇದ್ದ ಮೇಲೆ ಬ್ಯಾಕಪ್ ಯಾಕೆ?

ತಪ್ಪನ್ನೂ ಅದು ಅಷ್ಟೇ ಶ್ರದ್ಧೆಯಿಂದ ನಕಲು ಮಾಡುತ್ತದೆ. ಯಾರೋ ಡೈರೆಕ್ಟರಿ ಮರದ ಒಂದು ಇಡೀ ಕೊಂಬೆಯನ್ನು ಅಳಿಸಿದರೆ ಸೆಕೆಂಡುಗಳಲ್ಲಿ ಎಲ್ಲ ಕಡೆಯೂ ಅಳಿಯುತ್ತದೆ.

2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ದಾಳಿಗೆ ಸಿಕ್ಕ ಹಡಗು ಸಾಗಣೆ ಸಂಸ್ಥೆ ಮೇರ್ಸ್ಕ್‌ನ ಡೊಮೈನ್ ಕಂಟ್ರೋಲರ್‌ಗಳು ಒಂದರೊಡನೊಂದು ಸಿಂಕ್ ಆಗುತ್ತಿದ್ದವು. ಒಂದು ಹೋದರೆ ಇನ್ನೊಂದರಿಂದ ಕಟ್ಟಿಕೊಳ್ಳಬಹುದೆಂಬ ಲೆಕ್ಕ. ಎಲ್ಲವೂ ಒಟ್ಟಿಗೆ ಹೋದವು. ಘಾನಾದ ಕಚೇರಿಯಲ್ಲಿ ದಾಳಿಗೆ ಮುಂಚೆ ಕರೆಂಟ್ ಹೋಗಿ ನೆಟ್‌ವರ್ಕ್‌ನಿಂದ ಹೊರಗಿದ್ದ ಒಂದೇ ಒಂದು ಕಂಟ್ರೋಲರ್ ಉಳಿಯಿತು. ಅದರ ಮಾಹಿತಿಯನ್ನು ನೈಜೀರಿಯಾ ಮಾರ್ಗವಾಗಿ ಇಂಗ್ಲೆಂಡಿಗೆ ಕೈಯಲ್ಲೇ ಹೊತ್ತು ತಂದು ಡೈರೆಕ್ಟರಿಯನ್ನು ಮತ್ತೆ ಎಬ್ಬಿಸಿದರು. ಲೋಡ್‌ಶೆಡ್ಡಿಂಗನ್ನು ನಂಬಿ ಕೂರುವ ಬದಲು ಡೈರೆಕ್ಟರಿಯನ್ನು ಕಡತಕ್ಕೆ ಇಳಿಸುವ ಸ್ಲ್ಯಾಪ್‌ಕ್ಯಾಟನ್ನು ದಿನಕ್ಕೊಮ್ಮೆ ಓಡಿಸಿ, ಅದರ ಫಲಿತವನ್ನು ನೆಟ್‌ವರ್ಕ್‌ನಿಂದ ಹೊರಗಿಡಿ. ಸಂರಚನೆಯ ಡೇಟಾಬೇಸನ್ನೂ ಮರೆಯದೆ ತೆಗೆಯಿರಿ.

ವರ್ಚುವಲ್ ಯಂತ್ರದ ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದುಕೊಳ್ಳಬೇಡಿ. ಹಳೆಯ ಸ್ನ್ಯಾಪ್‌ಶಾಟಿಗೆ ಮರಳಿದ ಸರ್ವರ್ ತಾನು ಹಿಂದೆ ಹೋಗಿದ್ದನ್ನು ಅರಿಯದೆ ಹಳೆಯ ಕ್ರಮಸಂಖ್ಯೆಗಳನ್ನೇ ಮತ್ತೆ ಬಳಸುತ್ತದೆ, ಉಳಿದ ಸರ್ವರ್‌ಗಳು ಅವನ್ನು ‘ಇದು ಆಗಲೇ ಬಂದಿದೆ’ ಎಂದು ಬಿಟ್ಟುಬಿಡುತ್ತವೆ. ವಿಂಡೋಸ್ ಸರ್ವರ್ 2012ರಿಂದ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಇದಕ್ಕೆ ರಕ್ಷಣೆ ಇದೆ; ಹೈಪರ್‌ವೈಸರ್ ಕೂಡ ಅದಕ್ಕೆ ಬೆಂಬಲ ಕೊಡಬೇಕು.

ಬಿದ್ದ ಸರ್ವರನ್ನು ಮರಳಿ ಸೇರಿಸುವುದು ಯಾವಾಗ?

ಸಿಂಕ್ ಪೂರ್ತಿ ಮುಗಿದ ಮೇಲೆ. ಸರ್ವರ್ ಎದ್ದ ಕೂಡಲೇ ಕ್ಲೈಂಟ್‌ಗಳನ್ನು ಬಿಟ್ಟರೆ ನಿನ್ನೆಯ ಪಾಸ್‌ವರ್ಡ್‌ಗಳನ್ನೇ ಅದು ಸರಿ ಎನ್ನುತ್ತದೆ. ಫೇಲ್‌ಓವರ್ ತಾನಾಗಿ ಆಗಲಿ, ಮರಳುವುದು ಮನುಷ್ಯರ ಕೈಯಲ್ಲಿರಲಿ ಎಂಬುದು ನನ್ನ ಮತ.

ಆ್ಯಕ್ಟಿವ್ ಡೈರೆಕ್ಟರಿಯಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿದ್ದ ಕಂಟ್ರೋಲರನ್ನು ಮರಳಿ ಸೇರಿಸಲೇಬೇಡಿ. ಅಳಿಸಿದ ದಾಖಲೆಗಳ ಗುರುತನ್ನು ಉಳಿದವು ಅಷ್ಟು ದಿನ ಮಾತ್ರ ಇಟ್ಟುಕೊಂಡಿರುತ್ತವೆ. ಅದು ಮೀರಿದರೆ ಎಂದೋ ಅಳಿಸಿದ ಖಾತೆಗಳು ಮತ್ತೆ ಎದ್ದು ಕೂರಬಹುದು. ಅಳಿಸಿ ಹೊಸದಾಗಿ ಕಟ್ಟುವುದೇ ಕ್ಷೇಮ.

ಪರೀಕ್ಷೆ ಮಾಡುವುದು ಹೇಗೆ?

ಮೂರು ಬಗೆಯಲ್ಲಿ ಕೊಲ್ಲಿ. ಮೊದಲು ಸೇವೆಯನ್ನು ನಿಲ್ಲಿಸಿ. ಆಮೇಲೆ ಫೈರ್‌ವಾಲ್‌ನಲ್ಲಿ ಆ ಪೋರ್ಟಿಗೆ ಬರುವ ಪ್ಯಾಕೆಟ್‌ಗಳನ್ನು ಉತ್ತರ ಕೊಡದೆ ಬೀಳಿಸಿ. ಕರೆಂಟ್ ಹೋದಾಗ ಆಗುವುದು ಇದೇ. ಕೊನೆಗೆ ಓಪನ್‌ಎಲ್‌ಡ್ಯಾಪ್ ಸರ್ವರ್ ಓಡಿಸುವ ಸ್ಲ್ಯಾಪ್‌ಡಿ ಪ್ರಕ್ರಿಯೆಗೆ ಸ್ಟಾಪ್ ಸಿಗ್ನಲ್ ಕಳುಹಿಸಿ ಹೆಪ್ಪುಗಟ್ಟಿಸಿ. ಕರ್ನೆಲ್ ಸಂಪರ್ಕ ಒಪ್ಪುತ್ತದೆ, ಸ್ಲ್ಯಾಪ್‌ಡಿ ಮಾತನಾಡುವುದಿಲ್ಲ. ಒಂದೊಂದು ಸಲವೂ ಗಡಿಯಾರ ಹಿಡಿದು, ಒಂದೊಂದು ಅಪ್ಲಿಕೇಶನ್‌ನಲ್ಲೂ ಹೊಸದಾಗಿ ಲಾಗಿನ್ ಆಗಿ ನೋಡಿ. ಮೊದಲನೆಯದರಲ್ಲಿ ಎಲ್ಲವೂ ಪಾಸಾಗಿ ಮೂರನೆಯದರಲ್ಲಿ ಅರ್ಧ ಅಪ್ಲಿಕೇಶನ್‌ಗಳು ಮುಗ್ಗರಿಸಿದರೆ ಆಶ್ಚರ್ಯಪಡಬೇಡಿ.

ಸಂಬಳದ ದಿನ ಬೇಡ, ಉಳಿದಂತೆ ಕೆಲಸದ ವೇಳೆಯಲ್ಲೇ ಮಾಡಿ. ಭಾನುವಾರ ರಾತ್ರಿ ಯಾರೂ ಇಲ್ಲದಾಗ ಮಾಡಿದರೆ ಎರಡನೇ ಸರ್ವರ್ ಸೋಮವಾರ ಬೆಳಿಗ್ಗೆಯ ಭಾರ ಹೊರುತ್ತದೋ ಇಲ್ಲವೋ ತಿಳಿಯುವುದಿಲ್ಲ.

ಎರಡೂ ಸರ್ವರ್ ಹೋದರೆ?

ಅದಕ್ಕೆಂದು ಪ್ರತಿ ಡೈರೆಕ್ಟರಿ ಸರ್ವರ್‌ನಲ್ಲೂ, ಬ್ಯಾಲೆನ್ಸರ್‌ನಲ್ಲೂ, ಹೈಪರ್‌ವೈಸರ್‌ನಲ್ಲೂ ಡೈರೆಕ್ಟರಿಯನ್ನು ಕೇಳದ ಒಂದೊಂದು ಸ್ಥಳೀಯ ಖಾತೆ ಇರಬೇಕು. ಅವುಗಳ ಪಾಸ್‌ವರ್ಡ್ ಇಟ್ಟಿರುವ ತಂತ್ರಾಂಶಕ್ಕೆ ಲಾಗಿನ್ ಆಗಲು ಡೈರೆಕ್ಟರಿ ಬೇಕೇ ಎಂದು ಇವತ್ತೇ ನೋಡಿ. ಬೇಕು ಎಂದಾದರೆ ಕಾಗದದ ಮೇಲೆ ಬರೆದು, ಲಕೋಟೆಗೆ ಅಂಟು ಹಾಕಿ, ಇಬ್ಬರಿಗೆ ಗೊತ್ತಿರುವ ಬೀರುವಿನಲ್ಲಿ ಇಡಿ. ಸರ್ವರ್‌ಗಳ ಐಪಿ ವಿಳಾಸಗಳನ್ನೂ ಅದೇ ಕಾಗದದಲ್ಲಿ ಬರೆದಿಡಿ, ಏಕೆಂದರೆ ಡಿಎನ್‌ಎಸ್ ಕೂಡ ಡೊಮೈನ್ ಕಂಟ್ರೋಲರ್ ಮೇಲೆಯೇ ಓಡುತ್ತಿರಬಹುದು.